ಇ-ಇಂಕ್ ನೋಟ್‌ಬುಕ್: ಬರೆದದ್ದು ಮತ್ತೆ ಕೈಗೆ ಸಿಗಬೇಕು

ಇ-ಇಂಕ್ ಟ್ಯಾಬ್ಲೆಟ್ ಅಂದರೆ ಕಾಗದದ ಹಾಗೆ ಕಾಣುವ, ಪೆನ್ನಿನಲ್ಲಿ ಬರೆಯಬಹುದಾದ ಸ್ಕ್ರೀನಿನ ಸಾಧನ. ಅದನ್ನು ನೋಡಿದವರು ಮೊದಲು ಕೇಳುವುದು ಒಂದೇ: ಪೇಪರ್ ಮೇಲೆ ಬರೆದ ಹಾಗೇ ಇರುತ್ತಾ? ಬಹುಮಟ್ಟಿಗೆ ಹೌದು. ಆದರೆ ದಿನಾ ಬಳಸುವವರಿಗೆ ಆ ಪ್ರಶ್ನೆ ಬೇಗ ಮುಗಿದುಹೋಗುತ್ತದೆ. ಆಮೇಲೆ ಉಳಿಯುವುದು ಇನ್ನೊಂದು. ಬರೆದದ್ದು ಬೇಕಾದಾಗ ಸಿಗುತ್ತಾ? ನಾನು ಇದನ್ನು ಬಳಸುವ ರೀತಿಯೆಲ್ಲ ಈ ಎರಡನೇ ಪ್ರಶ್ನೆಯಿಂದಲೇ ಬಂದದ್ದು.

ನನ್ನದು 10.3 ಇಂಚಿನದು. ಹೆಚ್ಚುಕಡಿಮೆ ಎ5 ಹಾಳೆಯಷ್ಟು ಜಾಗ. ಮೀಟಿಂಗ್ ಟಿಪ್ಪಣಿ, ಲೇಖನದ ಕರಡು, ಓದುವಾಗ ಹೊಳೆದದ್ದು, ದಿನದ ಕೆಲಸದ ಪಟ್ಟಿ ಎಲ್ಲ ಇದರಲ್ಲೇ.

ಈ ಸ್ಕ್ರೀನ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಅದರ ಗುಣವೂ ಮಿತಿಯೂ ಅರ್ಥವಾಗುತ್ತವೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬಿನ ಸಂಶೋಧನೆಯಿಂದ 1997ರಲ್ಲಿ ಹುಟ್ಟಿದ ಇ ಇಂಕ್ ಕಂಪನಿಯ ತಂತ್ರಜ್ಞಾನ ಇದು. ಸ್ಕ್ರೀನಿನೊಳಗೆ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳು. ಅವುಗಳೊಳಗೆ ತಿಳಿ ದ್ರವ, ಅದರಲ್ಲಿ ಬಿಳಿ ಮತ್ತು ಕಪ್ಪು ಕಣಗಳು. ಒಂದು ಬಣ್ಣಕ್ಕೆ ಪಾಸಿಟಿವ್ ಚಾರ್ಜ್, ಇನ್ನೊಂದಕ್ಕೆ ನೆಗೆಟಿವ್. ವೋಲ್ಟೇಜ್ ಕೊಟ್ಟಾಗ ಒಂದು ಬಣ್ಣ ಮೇಲೆ ಬರುತ್ತದೆ, ಇನ್ನೊಂದು ಕೆಳಗೆ ಇಳಿಯುತ್ತದೆ. ಮೇಲೆ ಬಂದ ಕಣ ಕರೆಂಟ್ ಇಲ್ಲದಿದ್ದರೂ ಅಲ್ಲೇ ನಿಲ್ಲುತ್ತದೆ. ಅದಕ್ಕೇ ತೆರೆದಿಟ್ಟ ಪುಟ ಬ್ಯಾಟರಿ ತಿನ್ನುವುದಿಲ್ಲ. ಬಿಸಿಲಲ್ಲಿ ಕೂತರೆ ಅಕ್ಷರ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಬ್ಯಾಟರಿ ಜಾಸ್ತಿ ಎಳೆಯುವುದು ವೈಫೈ ಮತ್ತು ಸ್ಕ್ರೀನಿನ ಲೈಟ್. ವೈಫೈ ನಾನು ಆಫ್ ಮಾಡಿಯೇ ಇಡುತ್ತೇನೆ, ಸಿಂಕ್ ಮಾಡುವಾಗ ಮಾತ್ರ ಆನ್.

ಆದರೆ ಆ ಕಣಗಳು ನಿಜವಾಗಿಯೂ ಮೇಲೆ ಕೆಳಗೆ ಓಡಾಡಬೇಕಲ್ವಾ? ಅದಕ್ಕೆ ಸಮಯ ಬೇಕು. ಹಾಗಾಗಿ ಪುಟ ತಿರುಗಿಸುವಾಗ ಒಂದು ಕ್ಷಣ ತಡ. ಪೇಪರ್ ಪುಸ್ತಕವಾದರೆ ಹೆಬ್ಬೆರಳಲ್ಲಿ ಪುಟಗಳನ್ನು ಸರಸರ ಬಿಟ್ಟು "ಎಡಗಡೆ ಪುಟದ ಕೆಳಗೆ ಬರೆದಿದ್ದೆ" ಅಂತ ಹುಡುಕಿಬಿಡಬಹುದು. ಇಲ್ಲಿ ಅದು ಆಗುವುದಿಲ್ಲ. ಇದರಲ್ಲಿ ನನಗೆ ಅತಿ ದೊಡ್ಡ ಕೊರತೆ ಅಂತ ಕಾಣುವುದು ಇದೇ. ಬಣ್ಣ ಇಲ್ಲ, ವಿಡಿಯೊ ಇಲ್ಲ ಅನ್ನುವುದೆಲ್ಲ ಇದರ ಮುಂದೆ ಏನೂ ಅಲ್ಲ.

ಅದಕ್ಕೇ ಪ್ರತಿ ನೋಟ್‌ಬುಕ್‌ನ ಮೊದಲ ಪುಟವನ್ನು ಪರಿವಿಡಿಗೆ ಬಿಡುತ್ತೇನೆ. ಎಡಗಡೆ ಪುಟ ಸಂಖ್ಯೆ, ಬಲಗಡೆ ನಾಲ್ಕೈದು ಪದ. "14: ಬಜೆಟ್ ಚರ್ಚೆ, ಎರಡನೇ ಸುತ್ತು, ಒಪ್ಪಿಗೆ ಆಗಿಲ್ಲ." ಬರೀ "ಮೀಟಿಂಗ್" ಅಂತ ಬರೆದರೆ ಆರು ತಿಂಗಳ ಮೇಲೆ ಏನೂ ಗೊತ್ತಾಗುವುದಿಲ್ಲ. ಏನು ತೀರ್ಮಾನವಾಯಿತು ಅನ್ನುವುದು ಆ ಸಾಲಿನಲ್ಲೇ ಇದ್ದರೆ ಎಷ್ಟೋ ಸಲ ಪುಟ ತೆರೆಯುವ ಅಗತ್ಯವೇ ಬೀಳುವುದಿಲ್ಲ. ನೋಟ್‌ಬುಕ್‌ಗಳನ್ನೂ ತಿಂಗಳಿಗೊಂದು ಅಂತ ಮಾಡುವುದಿಲ್ಲ, ವಿಷಯಕ್ಕೊಂದು ಮಾಡುತ್ತೇನೆ. ನೆನಪಿರುವುದು ವಿಷಯ, ತಾರೀಖಲ್ಲ.

ಈ ಕೆಲಸಕ್ಕೆ ಸೂಪರ್‌ನೋಟ್, ರಿಮಾರ್ಕಬಲ್ ತರಹದ ಇ-ಇಂಕ್ ಸಾಧನಗಳೂ ನೆರವಾಗುತ್ತವೆ. ಸೂಪರ್‌ನೋಟ್‌ನಲ್ಲಿ ಕೈಯಲ್ಲಿ ಬರೆದ ಶೀರ್ಷಿಕೆಯನ್ನು ಲ್ಯಾಸೊದಿಂದ (ಬರೆದದ್ದರ ಸುತ್ತ ಗೆರೆ ಎಳೆದು ಆರಿಸುವ ಸೌಲಭ್ಯ) ಸುತ್ತಿ ಹೆಡಿಂಗ್ ಅಂತ ಗುರುತಿಸಿದರೆ ಅದು ತಾನಾಗಿ ಪರಿವಿಡಿಗೆ ಸೇರುತ್ತದೆ. ರಿಮಾರ್ಕಬಲ್‌ನಲ್ಲಿ ಪುಟಕ್ಕೆ ಟ್ಯಾಗ್ ಹಾಕಬಹುದು. ಯಾವುದಿದ್ದರೂ ಬಳಸಿ. ಕೊಳ್ಳುವ ಮೊದಲು ಪೆನ್ನಿನ ವೇಗಕ್ಕಿಂತ ಇದನ್ನೇ ವಿಚಾರಿಸಿ ಅಂತ ನಾನು ಹೇಳುವುದು.

ಕನ್ನಡದಲ್ಲಿ ಬರೆಯುವವರಿಗೆ ಇದು ಇನ್ನೂ ಮುಖ್ಯ. ಇಂಗ್ಲಿಷ್ ಕೈಬರಹವನ್ನು ಟೈಪ್ ಅಕ್ಷರಕ್ಕೆ ಬದಲಿಸುವ, ಅದರೊಳಗೆ ಹುಡುಕುವ ಸೌಲಭ್ಯ ಚೆನ್ನಾಗಿ ಕೆಲಸ ಮಾಡುತ್ತದೆ. ನನ್ನ ಸಾಧನದಲ್ಲಿ ಕನ್ನಡ ಕೈಬರಹಕ್ಕೆ ಅದು ಇಲ್ಲ. ಹಾಗಾಗಿ ನಾನೇ ಬರೆದ ಪರಿವಿಡಿ, ಟೈಪ್ ಮಾಡಿದ ಫೈಲ್ ಹೆಸರು, ಇವೆರಡೇ ದಾರಿ. ಫೈಲ್ ಹೆಸರು ಉದ್ದವಾದರೂ ಪರವಾಗಿಲ್ಲ, ಹುಡುಕುವಾಗ ನೆನಪಿಗೆ ಬರುವ ಪದ ಅದರಲ್ಲಿರಬೇಕು.

ಗೆರೆಗಳ ವಿಷಯವೂ ಹೇಳಬೇಕು. ಸಾಧನದ ಜೊತೆ ಬರುವ ಗೆರೆ ಹಾಳೆಗಳು ನನಗೆ ಇಕ್ಕಟ್ಟು. "ರಾಷ್ಟ್ರೀಯ" ಅಂತ ಬರೆದು ನೋಡಿ. ಟ ಒತ್ತು, ರ ಒತ್ತು ಎರಡೂ ಗೆರೆಯ ಕೆಳಗೆ ಇಳಿಯುತ್ತವೆ. ಕೆಳಗಿನ ಸಾಲಿನಲ್ಲಿ ಅದೇ ಜಾಗಕ್ಕೆ ಒಂದು "ಕೀ" ಬಂದರೆ ಅದರ ಗುಡಿಸಿಗೂ ಮೇಲಿನ ಒತ್ತಿಗೂ ಜಗಳ. ಎರಡು ದಿನ ಬಿಟ್ಟು ಓದಿದರೆ ಯಾವುದು ಯಾವ ಸಾಲಿನದು ಅಂತ ತಿಳಿಯುವುದಿಲ್ಲ. ಅದಕ್ಕೆ ನನ್ನದೇ ಟೆಂಪ್ಲೇಟ್ ಮಾಡಿಕೊಂಡೆ. ನನ್ನ ಸ್ಕ್ರೀನಿನ ಅಳತೆಗೆ ಸರಿಯಾಗಿ 1404×1872 ಪಿಕ್ಸೆಲ್‌ನ ಬಿಳಿ ಚಿತ್ರ, ಅದರ ಮೇಲೆ 10 ಮಿಲಿಮೀಟರ್ ಅಂತರದ ತೆಳು ಬೂದು ಗೆರೆ, ಎಡಗಡೆ ಅಗಲ ಮಾರ್ಜಿನ್. ಪಿಎನ್‌ಜಿ ಫೈಲಾಗಿ ಸೇರಿಸಿದರೆ ಸಾಕು. ಪುಟಕ್ಕೆ ಹಿಡಿಯುವ ಸಾಲು ಕಡಿಮೆಯಾಗುತ್ತದೆ ನಿಜ. ಇಲ್ಲಿ ಹಾಳೆಗೇನೂ ಬರ ಇಲ್ಲ.

ಆ ಮಾರ್ಜಿನ್ ಸುಮ್ನೆ ಬಿಟ್ಟದ್ದಲ್ಲ. ಮೀಟಿಂಗಿನಲ್ಲಿ ನಾನು ಮಾಡಬೇಕಾದ ಕೆಲಸ ಬಂದಾಗ ಅಲ್ಲೊಂದು ಚೌಕ ಹಾಕುತ್ತೇನೆ. ವಾರದ ಕೊನೆಗೆ ಚೌಕಗಳನ್ನಷ್ಟೇ ನೋಡುತ್ತಾ ಹೋಗುತ್ತೇನೆ. ಮುಗಿದದ್ದಕ್ಕೆ ಗೀಟು. ಉಳಿದದ್ದನ್ನು ಲ್ಯಾಸೊದಿಂದ ಸುತ್ತಿ, ಕಾಪಿ ಮಾಡಿ, ಮುಂದಿನ ವಾರದ ಪುಟಕ್ಕೆ ಅಂಟಿಸುತ್ತೇನೆ. ನನ್ನ ಕೈಬರಹ ಹಾಗೇ ಅಲ್ಲಿಗೆ ಬಂದು ಕೂರುತ್ತದೆ. ಪೇಪರಿನಲ್ಲಿ ಮತ್ತೆ ಬರೆಯಬೇಕಿತ್ತು. ಕೆಲಸಕ್ಕೆ ಬಾರದ ಪುಟಗಳನ್ನು ಅದೇ ಹೊತ್ತಿಗೆ ಅಳಿಸಿಬಿಡುತ್ತೇನೆ. ಅಳಿಸುವ ಅಭ್ಯಾಸ ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಪರಿವಿಡಿ ಮಾಡಿದರೂ ಹುಡುಕುವುದು ಕಷ್ಟ.

ಪೆನ್ ವಿಷಯ ಚಿಕ್ಕದು. ನನ್ನ ಪೆನ್ ಇಎಂಆರ್ ಮಾದರಿಯದು, ಅಂದರೆ ಒಳಗೆ ಬ್ಯಾಟರಿ ಇಲ್ಲದೆ ವಿದ್ಯುತ್ಕಾಂತದಿಂದ ಕೆಲಸ ಮಾಡುವಂಥದ್ದು. ಸ್ಕ್ರೀನಿನ ಹಿಂದಿರುವ ಬೋರ್ಡಿನಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ, ಚಾರ್ಜ್ ಮಾಡಬೇಕಾಗಿಲ್ಲ. ಸ್ಕ್ರೀನ್ ಮೇಲಿನ ತರಿತರಿ ಪದರದಿಂದಾಗಿ ನಿಬ್ ಸವೆಯುತ್ತದೆ. ತುದಿ ಓರೆಯಾಗಿ ಚಪ್ಪಟೆಯಾದಾಗ ಬದಲಿಸಿಬಿಡಬೇಕು. ಬರೆಯುವಾಗ ಬೆರಳಿನ ಟಚ್ ಆಫ್ ಮಾಡಿಕೊಳ್ಳುತ್ತೇನೆ, ಅಂಗೈ ತಾಗಿ ಪುಟ ತಿರುಗುವ ಕಾಟ ಇರುವುದಿಲ್ಲ. ಅಳಿಸಿದ ಜಾಗದಲ್ಲಿ ಹಳೆಯ ಅಕ್ಷರದ ತೆಳು ನೆರಳು ಉಳಿದರೆ ಗಾಬರಿ ಬೇಡ. ಒಂದಷ್ಟು ಕಣಗಳು ಪೂರ್ತಿ ಕೆಳಗೆ ಇಳಿದಿಲ್ಲ, ಅಷ್ಟೆ. ಪೂರ್ತಿ ರಿಫ್ರೆಶ್ ಕೊಟ್ಟರೆ ಸ್ಕ್ರೀನ್ ಒಮ್ಮೆ ಮಿನುಗಿ ಚೊಕ್ಕಟವಾಗುತ್ತದೆ.

ಪಿಡಿಎಫ್ ಓದುವುದಕ್ಕೆ ಮಾತ್ರ ತಾಳ್ಮೆ ಬೇಕು. ಎ4 ಪುಟ ಈ ಸ್ಕ್ರೀನಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದು. ಸುತ್ತಲಿನ ಖಾಲಿ ಅಂಚು ಕತ್ತರಿಸಿ ನೋಡಿದರೆ ಅಕ್ಷರ ಓದುವಷ್ಟು ದೊಡ್ಡದಾಗುತ್ತದೆ. ಎರಡು ಕಾಲಮ್ಮಿನ ಪುಟವಾದರೆ ಸಾಧನವನ್ನು ಅಡ್ಡ ಹಿಡಿಯುವುದೇ ವಾಸಿ. ಎರಡು ದಾಖಲೆ ಪಕ್ಕಪಕ್ಕ ಇಟ್ಟು ಹೋಲಿಸುವ ಕೆಲಸಕ್ಕೆ ನಾನು ಇದನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಪ್ರಿಂಟ್ ತೆಗೆದ ಹಾಳೆ, ಇಲ್ಲವೇ ದೊಡ್ಡ ಮಾನಿಟರ್.

ಒಂದು ಎಚ್ಚರಿಕೆ. ಇಂಥ ಹೆಚ್ಚಿನ ಸ್ಕ್ರೀನುಗಳ ಒಳಗೆ ತೆಳು ಗಾಜು ಇರುತ್ತದೆ. ಬ್ಯಾಗಿನಲ್ಲಿ ಚಾರ್ಜರಿನ ಮೂಲೆ ಒತ್ತಿದರೂ ಬಿರುಕು ಬಿಡಬಹುದು. ಗಟ್ಟಿ ಕವರ್ ಹಾಕಿ, ಬೆನ್ನಿನ ಕಡೆಯ ಖಾನೆಯಲ್ಲಿ ಒಂಟಿಯಾಗಿ ಇಡಿ. ಜೊತೆಗೆ ತಿಂಗಳಿಗೊಮ್ಮೆ ಎಲ್ಲ ನೋಟ್‌ಬುಕ್‌ಗಳನ್ನು ಪಿಡಿಎಫ್ ಮಾಡಿ ಕಂಪ್ಯೂಟರಿಗೆ ಹಾಕಿಕೊಳ್ಳಿ, ಸಾಧನದ ಕಂಪನಿಯ ಕ್ಲೌಡ್ ಇದ್ದರೂ ಇದನ್ನು ಬಿಡಬೇಡಿ. ಪರಿವಿಡಿ ಮೊದಲ ಪುಟದಲ್ಲೇ ಇರುವುದರಿಂದ ಆ ಪಿಡಿಎಫ್ ಯಾವ ಯಂತ್ರದಲ್ಲಿ ತೆರೆದರೂ ಬೇಕಾದ ಪುಟಕ್ಕೆ ನೇರವಾಗಿ ಹೋಗಬಹುದು.