‘ಅಕ್ಕೆ’ ಅಂದರೆ ಅಕ್ಕ ಅಲ್ಲ

ಬೆಂಗಳೂರಿನ ಒಂದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುವವರಿಗೆ ಕನ್ನಡ ಪಾಠ ಮಾಡುತ್ತೇನೆ. ಕೆಲವರು ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬರುತ್ತಾರೆ, ಕೆಲವರು ಚಿಕ್ಕಪೇಟೆಯ ಅಂಗಡಿಗಳಲ್ಲಿ ಲೆಕ್ಕ ಬರೆದು ಬರುತ್ತಾರೆ. ಟ್ರಾಫಿಕ್ ದಾಟಿ ಬಂದು ಕೂತವರಿಗೆ ಹಳಗನ್ನಡ ಯಾಕೆ ಬೇಕು? ಮೊದಲೆರಡು ವರ್ಷ ನನಗೂ ಉತ್ತರ ಹೊಳೆದಿರಲಿಲ್ಲ. ಸುಮ್ನೆ ನೋಟ್ಸ್ ಬರೆಸುತ್ತಿದ್ದೆ. ಅವರು ಗೈಡ್ ಓದಿ ಪಾಸಾಗುತ್ತಿದ್ದರು.

ಮೂರನೇ ವರ್ಷ ರನ್ನನ ‘ಗದಾಯುದ್ಧ’ದ ಒಂದು ಭಾಗ ಬಂತು. ಹತ್ತನೇ ಶತಮಾನದ ಈ ಕವಿ ಬಳೆಗಾರರ ಮನೆಯವನು ಅಂದಾಗ ಚಿಕ್ಕಪೇಟೆಯವರು ತಲೆ ಎತ್ತಿದರು. ರಣರಂಗದಲ್ಲಿ ಹೆಣಗಳ ನಡುವೆ ದುರ್ಯೋಧನ ನಡೆದು ಹೋಗುತ್ತಾನೆ. ಅಭಿಮನ್ಯುವಿನ ಹೆಣದ ಮುಂದೆ ಅವನಾಡುವ ಒಂದೇ ಪದ್ಯ ಹಿಡಿದು ಕೂತೆ. ಎರಡು ಸಲ ಗಟ್ಟಿಯಾಗಿ ಓದಿದೆ. ‘ಅನುಮರಣಮೆಮಗಕ್ಕೆ’ ಅಂತ ಬೋರ್ಡ್ ಮೇಲೆ ಬರೆದು, ಬಿಡಿಸಿ ಎಂದೆ.

"ಇಲ್ಲಿ ಅಕ್ಕ ಎಲ್ಲಿಂದ ಬಂದ್ಲು ಸಾರ್?" ಅಂದ ಹಿಂದಿನ ಬೆಂಚಿನವನು.

ನಗು ಮುಗಿದ ಮೇಲೆ ಬಿಡಿಸಿದೆವು. ಅನುಮರಣಂ, ಎಮಗೆ, ಅಕ್ಕೆ. ಅನುಮರಣ ಅಂದರೆ ಒಬ್ಬರ ಹಿಂದೆಯೇ ಸಾಯುವುದು, ಎಮಗೆ ಅಂದರೆ ನಮಗೆ, ಅಕ್ಕೆ ಅಂದರೆ ಆಗಲಿ. ನಿನ್ನ ಸಾಹಸದಲ್ಲಿ ಒಂದು ಪಾಲಾದರೂ ಇರುವ ಸಾವು ನಮಗೂ ಬರಲಿ ಅಂತ ದುರ್ಯೋಧನ ಕೇಳಿಕೊಳ್ಳುತ್ತಿದ್ದಾನೆ. ಅದೂ ಶತ್ರುವಿನ ಮಗನನ್ನು.

"ಇವನ ಮಗನನ್ನ ಕೊಂದಿದ್ದು ಅದೇ ಅಭಿಮನ್ಯು ಅಲ್ವಾ ಸಾರ್?" ಅಂದಳು ಒಬ್ಬ ಹುಡುಗಿ.

ಹೌದು. ಸ್ವಲ್ಪ ಮುಂದೆ ಹೋದರೆ ಆ ಮಗ ಲಕ್ಷಣಕುಮಾರನ ಹೆಣವೂ ಸಿಗುತ್ತದೆ. ಅಲ್ಲಿಂದ ಜಗಳ ಶುರುವಾಯಿತು. ಒಬ್ಬ ನಾಟಕ ಅಂದ. ಕೇಳೋರಿಲ್ಲದ ಕಡೆ ಯಾರು ನಾಟಕ ಆಡ್ತಾರೆ ಅಂದ ಇನ್ನೊಬ್ಬ. ಸಂಜಯ ಜೊತೆಗಿದ್ದಾನಲ್ಲ ಅಂದಳು ಆ ಹುಡುಗಿ. ಯಾರ ಮಾತು ಸರಿ ಅಂತ ನೋಡೋಕೆ ಎಲ್ಲರೂ ಮತ್ತೆ ಪುಸ್ತಕ ತೆಗೆದರು. ಅಷ್ಟು ವರ್ಷದಲ್ಲಿ ನಾನು ಹೇಳದೆ ಅವರು ಪುಸ್ತಕ ತೆಗೆದದ್ದು ಅದೇ ಮೊದಲು.

ಸಾಹಿತ್ಯ ಓದಿದರೆ ಇಂಟರ್‌ವ್ಯೂನಲ್ಲಿ ಮಾತು ಚೆನ್ನಾಗಿ ಬರುತ್ತೆ ಅಂತ ಕೆಲವು ಮೇಷ್ಟರು ಆಸೆ ಹುಟ್ಟಿಸುತ್ತಾರೆ. ನನಗದು ಹಿಡಿಸುವುದಿಲ್ಲ. ಕೆಟ್ಟವನು ಅಂತ ಚಿಕ್ಕಂದಿನಿಂದ ಕೇಳಿದ ಮನುಷ್ಯನ ಬಗ್ಗೆ ಮುಕ್ಕಾಲು ಗಂಟೆ ತಲೆ ಕೆಡಿಸಿಕೊಂಡರಲ್ಲ, ನನಗೆ ಅಷ್ಟು ಸಾಕು.

ಆ ಒಂದು ಪದ್ಯಕ್ಕೆ ಎರಡು ಕ್ಲಾಸ್ ಹೋಯಿತು. ರಿಸಲ್ಟ್ ಏರಲೂ ಇಲ್ಲ, ಇಳಿಯಲೂ ಇಲ್ಲ. ಈಗ ಸೆಮಿಸ್ಟರ್‌ಗೆ ಎರಡು ಪಾಠ ಮಾತ್ರ ಹೀಗೆ ಮಾಡುತ್ತೇನೆ. ಉಳಿದದ್ದಕ್ಕೆ ಟೈಮ್ ಸಾಲದು, ನೋಟ್ಸೇ ಗತಿ.