ರಜಾ ಚೀಟಿ ಬರೆದ ಮಾತ್ರಕ್ಕೆ ರಜೆ ಸಿಗುವುದಿಲ್ಲ

ಊರಿನಲ್ಲಿ ತಂಗಿಯ ಮದುವೆ, ಡಿಸೆಂಬರ್ ಮೊದಲ ವಾರದ ಟಿಕೆಟ್ ಅಗ್ಗ, ಶಾಲೆಗೊಂದು ರಜಾ ಚೀಟಿ ಬರೆದು ಹೊರಟುಬಿಡೋಣ. ಇಂಗ್ಲೆಂಡಿಗೆ ಬಂದ ಮೊದಲ ವರ್ಷ ನಾವೂ ಇದೇ ಲೆಕ್ಕ ಹಾಕಿದ್ದೆವು. ಇಲ್ಲಿ ಚೀಟಿ ಬರೀ ಅರ್ಜಿ. ಒಪ್ಪುವುದು, ಬಿಡುವುದು ಹೆಡ್ ಟೀಚರ್ ಕೈಯಲ್ಲಿದೆ. ಅವರೂ ತೀರ ಅಪರೂಪದ ಕಾರಣಕ್ಕೆ ಮಾತ್ರ ಒಪ್ಪಬೇಕೆಂಬುದು ನಿಯಮ. ಅಗ್ಗದ ಟಿಕೆಟ್ ಅಂಥ ಕಾರಣವಲ್ಲ.

ದಿನಕ್ಕೆ ಎರಡು ಹಾಜರಿ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಹತ್ತು ಶಾಲಾ ವಾರಗಳೊಳಗೆ ಒಪ್ಪಿಗೆಯಿಲ್ಲದೆ ಹತ್ತು ಹಾಜರಿ, ಅಂದರೆ ಐದು ದಿನ ತಪ್ಪಿದರೆ ದಂಡದ ಮಾತು ಬರುತ್ತದೆ. 2024ರ ಆಗಸ್ಟ್‌ನಿಂದ ಇಂಗ್ಲೆಂಡಿಗೆಲ್ಲ ಇದೊಂದೇ ಅಳತೆ (ವೇಲ್ಸ್, ಸ್ಕಾಟ್ಲೆಂಡಿನ ನಿಯಮ ಬೇರೆ). ದಂಡ 80 ಪೌಂಡ್; 21 ದಿನದೊಳಗೆ ಕಟ್ಟದಿದ್ದರೆ 160. ಇದು ಒಂದು ಮಗುವಿಗೆ, ಒಬ್ಬ ಪೋಷಕರಿಗೆ ಎಂಬುದನ್ನು ಹೊಸಬರು ಗಮನಿಸುವುದಿಲ್ಲ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಎಂದರೆ 320 ಪೌಂಡ್. ಟಿಕೆಟ್‌ನಲ್ಲಿ ಉಳಿಸಿದ್ದು ಅಲ್ಲಿಗೆ ಸೋರಿಹೋಯಿತು. ಮೂರು ವರ್ಷದೊಳಗೆ ಅದೇ ಮಗುವಿಗಾಗಿ ಎರಡನೆಯ ಸಲ ಬಂದರೆ ನೇರವಾಗಿ 160. ಮೂರನೆಯ ಸಲ ದಂಡದ ನೋಟಿಸ್ ಇಲ್ಲ, ಕೋರ್ಟು ಎದುರಾಗಬಹುದು: 1000 ಪೌಂಡ್‌ವರೆಗೆ ದಂಡ, ಗೊತ್ತಿದ್ದೂ ಮಗುವನ್ನು ಕಳಿಸಲಿಲ್ಲವೆಂದು ಸಾಬೀತಾದರೆ 2500ರವರೆಗೆ, ಮೂರು ತಿಂಗಳವರೆಗೆ ಸೆರೆಯೂ ಉಂಟು.

"ವರ್ಷವಿಡೀ ತಪ್ಪದೆ ಹೋಗಿದ್ದಾಳಲ್ಲ" ಎಂಬ ವಾದ ನಿಲ್ಲುವುದಿಲ್ಲ. ಮಗಳನ್ನು ಫ್ಲಾರಿಡಾಗೆ ಕರೆದೊಯ್ದ ಜಾನ್ ಪ್ಲಾಟ್ ಅವರ ಇಂಥದೇ ವಾದ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು.

ದೊಡ್ಡ ಹುಡುಗರ ಕಥೆ ಬೇರೆ. ಮನೆಯಿಂದ ಹೊರಟವನು ಶಾಲೆಗೆ ಚಕ್ಕರ್ ಹೊಡೆದು ಪಾರ್ಕಿನಲ್ಲಿ ಕುಳಿತರೂ ಕಟಕಟೆ ಏರುವವರು ಹೆತ್ತವರೇ. ನಮಗೆ ತಿಳಿದೇ ಇರಲಿಲ್ಲ ಎಂದರೆ ದೊಡ್ಡ ಆರೋಪದಿಂದ ಪಾರಾಗಬಹುದು, ಚಿಕ್ಕದರಿಂದ ಅಲ್ಲ. ಹುಡುಗನ ಮೇಲೆ ಮೊಕದ್ದಮೆ ಹೂಡುವುದಿಲ್ಲ. ಆದರೆ ಅವನ ಓದಿನ ಮೇಲ್ವಿಚಾರಣೆಗೆ ಸ್ಥಳೀಯ ಆಡಳಿತವಾದ ಕೌನ್ಸಿಲ್, ಕೋರ್ಟಿನಿಂದ ಆದೇಶ ತರಬಹುದು.

ಜ್ವರವೆಂದು ಸುಳ್ಳು ಹೇಳಬೇಡಿ. ವಾರದ ಮೇಲೆ ಕೈತುಂಬ ಮದರಂಗಿಯೊಂದಿಗೆ ಬಂದ ಮಗುವನ್ನು ಕಂಡ ಟೀಚರಿಗೆ ಬೇರೆ ಸಾಕ್ಷಿ ಬೇಕೆ?

ದೀಪಾವಳಿಗೆ ಧಾರ್ಮಿಕ ಕಾರಣ ಕೊಟ್ಟು ಒಂದು ದಿನದ ರಜೆಯನ್ನು ಮುಂಚಿತವಾಗಿ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ. ಇಲ್ಲಿಯ ಬೇಸಿಗೆ ರಜೆ ಜುಲೈ ಕೊನೆಯಿಂದ ಆರು ವಾರ. ಊರಿನಲ್ಲಿ ಆಷಾಢ ಕಳೆದು ಶ್ರಾವಣ ಬರುವ ಹೊತ್ತು. ತಂಗಿಯ ಮದುವೆ ಇನ್ನೂ ಗೊತ್ತಾಗಿಲ್ಲದಿದ್ದರೆ ಶ್ರಾವಣದಲ್ಲೊಂದು ಮುಹೂರ್ತ ನೋಡುವಂತೆ ಪುರೋಹಿತರಿಗೆ ಈಗಲೇ ಹೇಳಿಸಿ.