ಮಾತಿಗಿಂತ ಮೊದಲು ಕವಡೆ: ನನ್ನ ಅನುಭವ

ಒಂದರಿಂದ ನಾಲ್ಕನೇ ತರಗತಿಯ ಮಕ್ಕಳಲ್ಲಿ ಗೆಳೆಯರೆದುರು ಮುದುಡಿಕೊಳ್ಳುವವರು ಸಿಕ್ಕರೆ ನಾನು ಮಾತಾಡಿಸಲು ಹೋಗುವುದಿಲ್ಲ, ಆಟಕ್ಕೆ ಕೂರಿಸುತ್ತೇನೆ. ಅದೂ ಓಡಾಡುವ ಆಟವಲ್ಲ. ಸರದಿ ಪಕ್ಕಾ ಇರುವ, ಎಲ್ಲರ ಕಣ್ಣೂ ಮಣೆಯ ಮೇಲಿರುವ ಆಟ. ಇಂಥ ಮಗುವಿಗೆ ಆಟ ಕಷ್ಟವಲ್ಲ. ಯಾವಾಗ ಬಾಯಿ ಬಿಡಬೇಕು, ಏನು ಹೇಳಬೇಕು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರಾ ಎಂಬ ದಿಗಿಲೇ ಕಷ್ಟ. ಅಳಗುಳಿ ಮಣೆಯಲ್ಲಿ ಈ ದಿಗಿಲಿಗೆ ಜಾಗ ಕಡಿಮೆ. 14 ಗುಣಿ, ಗುಣಿಗೆ ಐದರಂತೆ 70 ಹುಣಸೆ ಬೀಜ, ಇಬ್ಬರೇ ಆಟಗಾರರು. ತುಟಿ ಬಿಚ್ಚದೆಯೂ ಆಟ ಮುಗಿಸಬಹುದು.

ಜೊತೆಗೆ ಒಂದೇ ಮಗು ಸಾಕು. ಸಾಧು ಸ್ವಭಾವದ, ಆದರೆ ಒಂದು ವರ್ಷ ಚಿಕ್ಕ ಮಗುವಾದರೆ ಇನ್ನೂ ಒಳ್ಳೆಯದು. ಚಿಕ್ಕವರಿಗೆ ಆಟ ಹೇಳಿಕೊಡುವಾಗ ದನಿ ತಾನಾಗಿ ಬರುತ್ತದೆ. ವಾರಕ್ಕೆ ಎರಡು ಸಲ, ಅರ್ಧ ಗಂಟೆ, ಅದೇ ಜಾಗ, ಅದೇ ಜೊತೆ.

ಎರಡು ಮೂರು ವಾರದ ಮೇಲೆ ಚೌಕಾಬಾರ. 25 ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಇಲ್ಲಿ ನನ್ನದೊಂದು ನಿಯಮ: ಕವಡೆ ಹಾಕಿದವರೇ ಎಣಿಕೆ ಹೇಳಬೇಕು. ಮೊದಲ ದಿನ ಬೆರಳು ತೋರಿಸಿದರೂ ಸರಿ, ಆಮೇಲೆ ಪಿಸುದನಿ ಸಾಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು, ಮೇಲೆ ಇನ್ನೊಂದು ಸರದಿ. ಆ ಖುಷಿಗೆ ಎಷ್ಟೋ ಮಕ್ಕಳು 'ಬಾರಾ!' ಎಂದು ಕೂಗಿಬಿಡುತ್ತಾರೆ. ಆಗ ಹಿರಿಯರು ತಿರುಗಿ ನೋಡಬಾರದು. 'ಅಯ್ಯೋ, ಮಾತಾಡ್ತು ನೋಡಿ!' ಎಂದು ಚಪ್ಪಾಳೆ ತಟ್ಟಿದರೆ ಮಗು ಮತ್ತೆ ಚಿಪ್ಪಿನೊಳಗೆ ಹೋಗುತ್ತದೆ. 'ಎಂಟಾ? ಸರಿ, ಕಾಯಿ ನಡೆಸು' ಅನ್ನಿ, ಅಷ್ಟೇ.

ಮುಂದೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಮೂರನೆಯ ಮಗು ಬಂದರೆ ಜಾಗ ಹಳೆಯದೇ ಇರಲಿ, ಜಾಗ ಬದಲಾದರೆ ಜೊತೆ ಹಳೆಯದೇ ಇರಲಿ. ಎರಡೂ ಒಟ್ಟಿಗೆ ಬದಲಾದಾಗಲೇ ಹೆಚ್ಚಿನ ಮಕ್ಕಳು ಹಿಂದೆ ಸರಿಯುವುದು.

ಮನೆಯವರಿಂದ ಆಗುವ ದೊಡ್ಡ ತಪ್ಪು ಮಗುವಿನ ಪರವಾಗಿ ಉತ್ತರಿಸುವುದು. ಯಾರಾದರೂ ಹೆಸರು ಕೇಳಿದರೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಕಾಯಿರಿ. ಬರಲಿಲ್ಲವೇ? 'ರಾಗಿಮುದ್ದೆ ಇಷ್ಟನಾ, ಚಪಾತಿ ಇಷ್ಟನಾ?' ಎಂಬಂಥ ಎರಡರಲ್ಲೊಂದು ಆರಿಸುವ ಪ್ರಶ್ನೆ ಕೇಳಿ. ಹೌದು–ಇಲ್ಲ ಪ್ರಶ್ನೆಗೆ ತಲೆಯಾಡಿಸಿ ಮುಗಿಸಿಬಿಡುತ್ತಾರೆ. 'ಇವನಿಗೆ ನಾಚಿಕೆ ಜಾಸ್ತಿ' ಎಂದು ಅವನೆದುರೇ ಹೇಳಬೇಡಿ. ಅದನ್ನೇ ತನ್ನ ಗುಣವೆಂದು ನಂಬಿಬಿಡುತ್ತಾನೆ. ನೆಂಟರೆದುರು ನಿಲ್ಲಿಸಿ ಪದ್ಯ ಹೇಳಿಸುವುದಂತೂ ದಯವಿಟ್ಟು ಬೇಡ.

ಮೈದಾನದ ಗುಂಪಿಗೆ ಸೇರುವುದನ್ನು ಬೇರೆಯಾಗಿ ಕಲಿಸಬೇಕು. 'ನಾನೂ ಬರ್ಲಾ?' ಎಂದರೆ 'ಬೇಡ' ಅನ್ನುವುದು ಸುಲಭ. ಅದರ ಬದಲು ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತು ಆಟ ನೋಡಲಿ, ದೂರ ಹೋದ ಚೆಂಡು ತಂದುಕೊಡಲಿ, ಲಗೋರಿಯ ಕಲ್ಲು ಜೋಡಿಸಲಿ. ಆಟ ನಿಂತ ಗಳಿಗೆಯಲ್ಲಿ ಒಂದೇ ಮಾತು: 'ನಾನು ಇವರ ಕಡೆ ಇರ್ತೀನಿ.' ಈ ಮಾತನ್ನು ಮನೆಯಲ್ಲಿ ನಾಲ್ಕೈದು ಸಲ ಹೇಳಿಸಿ ರೂಢಿ ಮಾಡಿಸಿ. ಹುಟ್ಟುಹಬ್ಬವಿದ್ದರೆ 15 ನಿಮಿಷ ಮುಂಚೆ ಹೋಗಿ. ತುಂಬಿದ ಮನೆಗೆ ಕಾಲಿಡುವುದಕ್ಕಿಂತ ಬರುವವರನ್ನು ಒಬ್ಬೊಬ್ಬರಾಗಿ ನೋಡುವುದು ಹಗುರ.

ಮಗು ಗಾಬರಿಯಿಂದ ಅಳತೊಡಗಿದರೆ ತಕ್ಷಣ ಮನೆಗೆ ಕರೆತರಬೇಡಿ, ಬೈಯಲೂ ಬೇಡಿ. ಗಾಬರಿ ಏರಿದಾಗಲೇ ಎದ್ದು ಬಂದರೆ 'ಓಡಿ ಬಂದಿದ್ದಕ್ಕೇ ಬಚಾವಾದೆ' ಎಂದು ಮನಸ್ಸು ಕಲಿಯುತ್ತದೆ. ಜಗಲಿಗೆ ಬಂದು ಕೂತು, ಉಸಿರು ತಹಬಂದಿಗೆ ಬಂದ ಮೇಲೆ ಐದು ನಿಮಿಷವಾದರೂ ಒಳಗೆ ಹೋಗಿ ಬನ್ನಿ.

ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ಶಾಲೆಯಲ್ಲಿ, ಸೇರಿದ ಮೊದಲ ತಿಂಗಳು ಬಿಟ್ಟು, ಮತ್ತೊಂದು ತಿಂಗಳಾದರೂ ಬಾಯಿ ಬಿಡದಿದ್ದರೆ ಅದು ಬರೀ ನಾಚಿಕೆಯಾಗಿರಲಿಕ್ಕಿಲ್ಲ. ಕಿವಿ ಒಮ್ಮೆ ಪರೀಕ್ಷೆ ಮಾಡಿಸಿ, ಮಕ್ಕಳ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ. ವೈದ್ಯರನ್ನು ಕಾಣುವ ದಿನ ಬರುವವರೆಗೂ ವಾರದ ಎರಡು ಆಟ ತಪ್ಪಿಸಬೇಡಿ.